ಚರ್ಚ್ ಹಾಲಿನ ಕುಣಿತಕ್ಕೆ ಬಂದ ಅಥಣಿಯವರು

ಎಪ್ಪತ್ತರ ಆಸುಪಾಸಿನ ಗಂಡಸೊಬ್ಬರು, ಮೊಣಕಾಲಿನವರೆಗೆ ನಿರಿಗೆ ಹಿಡಿದ ಚೌಕಳಿ ಲಂಗ ಉಟ್ಟವರು, ಚರ್ಚ್ ಹಾಲಿನಲ್ಲಿ ನನ್ನೆದುರು ಬಂದು ನಿಂತು ಕುಣಿತಕ್ಕೆ ಅಂಗೈ ಚಾಚಿದರು. ನಾನು ತಟ್ಟನೆ ಹಿಂದೆ ಸರಿದೆ. ಅವರ ಕೈ ಹಾಗೆಯೇ ಗಾಳಿಯಲ್ಲಿ ಕಾಯುತ್ತ ಉಳಿಯಿತು. ನಿಪ್ಪಾಣಿಯ ಕಡೆಯಿಂದ ಸ್ಕಾಟ್ಲೆಂಡಿನ ಈ ಸಣ್ಣ ಊರಿಗೆ ನಾನು ಬಂದ ಹೊಸತು. ಆ ಲಂಗಕ್ಕೆ ಕಿಲ್ಟ್ ಎನ್ನುತ್ತಾರೆ, ಇಲ್ಲಿಯ ಗಂಡಸರು ಅದನ್ನು ಹೆಮ್ಮೆಯಿಂದ ಉಡುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ಆದರೆ ನಾನು ಹಿಂಜರಿದದ್ದು ಲಂಗ ನೋಡಿ ಅಲ್ಲ, ಆ ಕೈ ನೋಡಿ.

ನಾನು ನಿಪ್ಪಾಣಿ ಹತ್ತಿರದ ಭೋಜದವಳು. ಸಣ್ಣವಳಿದ್ದಾಗ ಅವ್ವನ ಜೊತೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋದರೆ, ನೀರನ್ನು ನಮ್ಮ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ತಂಬಿಗೆಗೂ ನಮ್ಮ ಬೆರಳಿಗೂ ನಡುವೆ ಅಂತರ ಉಳಿಯುವಂತೆ ಅವರು ಪಡುತ್ತಿದ್ದ ಎಚ್ಚರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ಗುರುತಿಲ್ಲದವರು ತಾವಾಗಿ ಕೈ ಚಾಚಿದರೆ, ಇವರಿಗೆ ನನ್ನಿಂದ ಏನು ಬೇಕಾಗಿದೆ ಎಂಬ ಪ್ರಶ್ನೆ ಮೊದಲು ಏಳುತ್ತದೆ.

ನನ್ನನ್ನು ಆ ಹಾಲಿಗೆ ಕರೆದವಳು ಮೊರಾಗ್. ನಾನು ಕೆಲಸ ಮಾಡುವ ವೃದ್ಧರ ಆರೈಕೆ ಮನೆಯಲ್ಲಿ ಅವಳ ತಾಯಿ ಇದ್ದರು. ಅವರಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು ನನ್ನ ಪಾಲಿನ ಕೆಲಸ. ಮೊರಾಗ್ ಪ್ರತಿ ಬುಧವಾರ ಸಂಜೆ ಚರ್ಚಿನ ಹಾಲಿನಲ್ಲಿ ಸ್ಕಾಟಿಷ್ ಕಂಟ್ರಿ ಡಾನ್ಸ್ ಕಲಿಸುತ್ತಿದ್ದಳು. "ಬಾ, ಒಂದು ವೀ ಡಾನ್ಸ್ ಮಾಡು, ಮೊದಲ ದಿನ ಪುಕ್ಕಟೆ" ಎಂದಳು. ವೀ ಅಂದರೆ ಚಿಕ್ಕದು. ಇಲ್ಲಿ ಚಹಾವೂ ವೀ, ಮಳೆಯೂ ವೀ, ಕೊನೆಗೆ ಸಾವಿನ ಸುದ್ದಿ ಹೇಳುವಾಗಲೂ 'ಒಂದು ವೀ ಮಾತಿತ್ತು' ಎನ್ನುತ್ತಾರೆ. ಅಷ್ಟು ಚಿಕ್ಕದು ಮಾಡಿ ಹೇಳುವವರ ಬಗ್ಗೆ ನನಗೆ ಇನ್ನಷ್ಟು ಅನುಮಾನ. ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳಲಿ ಎಂದೇ ಇವಳು ನನ್ನನ್ನು ಒಲಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ನಮ್ಮ ಕಡೆ ಕಚೇರಿಗೆ ಪೇಢೆ ತಂದವರಿಗೆ ಏನೋ ಕೆಲಸ ಆಗಬೇಕಿರುತ್ತದಲ್ಲ, ಹಾಗೆ.

ಬೇಕರಿಯ ಮೇಲಿನ ನಮ್ಮ ಬಾಡಿಗೆ ಮನೆಯಲ್ಲಿ ಗಂಡ ಅನಿಲನಿಗೆ ಹೇಳಿದೆ. ಅವನು ನನಗಿಂತ ಹೆಚ್ಚು ಸಂಶಯದವನು.

"ಚರ್ಚಿನ ಹಾಲ್ ಅಂತಿ, ಪುಕ್ಕಟೆ ಅಂತಿ. ಕುಣಿಸಿ ಆಮ್ಯಾಲ ಪ್ರಾರ್ಥನಾ ಮಾಡ್ರಿ ಅಂತಾರ ನೋಡು."

"ಹಂಗಾರ ನೀನೂ ಬಾ."

"ನಾ ಒಲ್ಲೆ. ನೀ ಹೋಗಿ ನೋಡ್ಕೊಂಡ್ ಬಾ. ಆದ್ರ ಯಾವುದಕ್ಕೂ ಸಹಿ ಮಾಡಬ್ಯಾಡ."

ಹೋದೆ. ಪ್ರಾರ್ಥನೆಗಾಗಿ ಕಾದೆ. ಬರಲಿಲ್ಲ. ಚಹಾದ ಬಿಡುವಿನಲ್ಲಿ ನನಗೆ ಬೇರೆ ಕಪ್ಪು ಕೊಡುತ್ತಾರೇನೋ ಎಂದು ಕಣ್ಣಿಟ್ಟು ನೋಡಿದೆ. ಎಲ್ಲ ಕಪ್ಪೂ ಒಂದೇ ಕಪಾಟಿನವು. ಕುಡಿದಾದ ಮೇಲೆ ಕಿಲ್ಟಿನ ಆ ಹಿರಿಯರೇ ನನ್ನ ಕಪ್ಪನ್ನೂ ತೊಳೆದಿಟ್ಟರು. ಆದರೂ ಮುಂದಿನ ವಾರವೂ ನೋಡೋಣ ಎಂದುಕೊಂಡೆ.

ಈ ಕುಣಿತದಲ್ಲಿ ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು ಎದುರುಬದುರು ನಿಲ್ಲುತ್ತಾರೆ. ಆ ಗುಂಪಿಗೆ ಸೆಟ್ ಎನ್ನುತ್ತಾರೆ. ರೀಲ್, ಜಿಗ್ ಎಂಬವು ಜೋರಿನವು. ಸ್ಟ್ರಾತ್‌ಸ್ಪೇ ಎಂಬುದು ನಿಧಾನದ್ದು, ಅದೇ ಕಷ್ಟ. ಊರಲ್ಲಿ ನಾನು ಕುಣಿದದ್ದು ಏಪ್ರಿಲ್ ಹದಿನಾಲ್ಕರ ಜಯಂತಿಯ ಮೆರವಣಿಗೆಯಲ್ಲಿ, ಲೇಜಿಮ್ ಹಿಡಿದು. ಅಲ್ಲಿ ಹಿಂದೆ ಮುಂದೆ ಇದ್ದವರೆಲ್ಲ ನಮ್ಮ ಓಣಿಯವರೇ. ಇಲ್ಲಿ ಹಾಗಲ್ಲ, ಸೆಟ್ಟಿನಲ್ಲಿ ಜಾಗ ಬದಲಿಸುತ್ತ ಬದಲಿಸುತ್ತ ಪ್ರತಿಯೊಬ್ಬರ ಕೈಯನ್ನೂ ಹಿಡಿಯಲೇಬೇಕು. ಒಬ್ಬರು ಹಿಡಿಯದಿದ್ದರೆ ಕುಣಿತ ಅಲ್ಲೇ ಮುರಿದು ಬೀಳುತ್ತದೆ.

ಸೆಪ್ಟೆಂಬರಿನಲ್ಲಿ ಶುರುವಾದ ಕ್ಲಾಸು ಚಳಿಗಾಲಕ್ಕೆ ಸರಿಯಿತು. ಕ್ರಿಸ್ಮಸ್ಸಿಗೆ ಮುಂಚೆ ಕೇಲಿ ಆಯಿತು. ಕೇಲಿ ಅಂದರೆ ವಾದ್ಯದವರನ್ನು ಕರೆಸಿ ಊರವರೆಲ್ಲ ಸೇರಿ ಕುಣಿಯುವ ಕೂಟ. ಅದಾದ ವಾರದಲ್ಲೇ ಮೊರಾಗಳ ತಾಯಿ ತೀರಿಕೊಂಡರು. ಇನ್ನು ಇವಳಿಗೆ ನನ್ನ ಹಂಗಿಲ್ಲ ಎಂದುಕೊಂಡು, ರಜೆ ಮುಗಿದ ಮೇಲಿನ ಬುಧವಾರ ನಾನು ಮನೆಯಲ್ಲೇ ಉಳಿದೆ. ಮರುದಿನ ಮೊರಾಗ್ ಮೆಟ್ಟಿಲು ಹತ್ತಿ ಬಂದಳು. "ನೀನಿಲ್ಲದೆ ಸೆಟ್ಟಿಗೆ ಒಬ್ಬರು ಕಡಿಮೆ ಬಿದ್ದರು. ನಿನ್ನ ಜಾಗದಲ್ಲಿ ಕುರ್ಚಿ ನಿಲ್ಲಿಸಿಕೊಂಡು ಕುಣಿದೆವು" ಎಂದಳು. ಅಳು ಬಂತು. ಅದು ಅವಳಿಗೆ ಕಾಣದ ಹಾಗೆ ಆಚೆ ತಿರುಗಿ ಚಹಾಕ್ಕಿಟ್ಟೆ.

ನಾನು ಆ ಹಾಲನ್ನು ನಂಬತೊಡಗಿದ್ದೇ ಆಗ. ಅದೇ ತಿಂಗಳು ವಿದ್ಯಾ ಎಂಬವರು ಕುಣಿತ ಕಲಿಯಲು ಬಂದರು.

ಹೆಜ್ಜೆ ತಪ್ಪಿ ನಾನು "ಅಯ್ಯ, ಮತ್ತ ತಪ್ತಲ್ಲ" ಅಂದದ್ದು ಅವರ ಕಿವಿಗೆ ಬಿತ್ತು.

"ನೀವು ನಮ್ಮ ಕಡ್ಯಾವ್ರು ಅದೀರೇನ್ರಿ! ಯಾವೂರ್ರಿ?"

ಎದೆ ಹಿಗ್ಗಿತು. ಮನೆಯಾಚೆ ಕನ್ನಡ ಕೇಳಿ ಎಷ್ಟು ದಿನವಾಗಿತ್ತೋ. "ಭೋಜ ರೀ, ನಿಪ್ಪಾಣಿ ಹತ್ರ."

"ನಾವು ಅಥಣಿ. ನಮ್ಮ ಯಜಮಾನ್ರು ಇಲ್ಲಿ ಕಾಲೇಜಿನ್ಯಾಗ ಅದಾರ. ಭೋಜದಾಗ ಯಾರ ಪೈಕಿ? ಅಡ್ಡಹೆಸರೇನ್ರಿ?"

"ಕಾಂಬಳೆ."

"ಹೌದ್ರಾ?" ಅಂದರು.

ಅಡ್ಡಹೆಸರು ಕೇಳುವುದೆಂದರೆ ಜಾತಿ ಕೇಳಿದ ಹಾಗೆ; ಆ 'ಹೌದ್ರಾ'ದ ತೂಕವನ್ನು ನಮ್ಮ ಕಡೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಅಂದಿನಿಂದ ಅವರು ಹಾಲಿನ ಆಚೆ ಬದಿಯ ಸೆಟ್ಟಿನಲ್ಲೇ ನಿಲ್ಲತೊಡಗಿದರು. ಒಂದು ಬುಧವಾರ ಎಲ್ಲರೂ ಮನೆಯಿಂದ ತಿನಿಸು ತಂದಿದ್ದೆವು. ನಾನು ಶೇಂಗಾ ಹೋಳಿಗೆ ಮಾಡಿ ಒಯ್ದಿದ್ದೆ. "ಇವತ್ತ ನನ್ನ ಉಪಾಸ ಐತ್ರಿ" ಎಂದು ವಿದ್ಯಾ ಅವರು ತಟ್ಟೆ ದಾಟಿಸಿದರು. ಆಮೇಲೆ ಕಿಟಕಿಯ ಬಳಿ ಅವರ ಕೈಯಲ್ಲಿ ಕೇಕಿನ ತುಂಡು ಕಂಡೆ. ಏಳು ಸಮುದ್ರ ದಾಟಿ ಬಂದು, ನನ್ನ ಊರನ್ನು ಈ ಮರದ ನೆಲದ ಮೇಲೆ ಮತ್ತೆ ಎದುರುಗೊಂಡಂತಾಯಿತು.

ವಸಂತದಲ್ಲಿ ವರ್ಷದ ದೊಡ್ಡ ಕುಣಿತ, ಬಾಲ್. ಮೊರಾಗ್ ಜೋಡಿಗಳನ್ನು ಎಣಿಸುತ್ತ ಬಂದು ವಿದ್ಯಾ ಅವರನ್ನು ನಮ್ಮ ಸೆಟ್ಟಿಗೆ ತಂದು ನಿಲ್ಲಿಸಿದಳು. ವಾದ್ಯ ಶುರುವಾಯಿತು. ನನ್ನೆದುರು ಬಂದಾಗ ಅವರು ಕೈ ಕೊಡುತ್ತಾರೋ ಇಲ್ಲವೋ ಎಂದು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಕೊಟ್ಟರು. ತಣ್ಣಗೆ ಬೆವರಿದ ಕೈ. ಮರುಕ್ಷಣ ಅವರಿಗೆ ದಿಕ್ಕು ತಪ್ಪಿತು. "ಈ ಕಡೆ ಬರ್ರಿ" ಎಂದು ಎಳೆದುಕೊಂಡು ದಾಟಿಸಿದೆ.

ಬಿಡುವಿನಲ್ಲಿ ವಿದ್ಯಾ ಅವರು ಕೋಟುಗಳನ್ನು ತೂಗುಹಾಕಿದ್ದ ಕಡೆ ನನ್ನನ್ನು ಕರೆದೊಯ್ದರು.

"ನನ್ನ ಫೋಟೋ ಊರಿಗೆ ಕಳಸೀರೇನ್ರಿ?"

"ಯಾವ ಫೋಟೋ?"

"ಹಿಂಗ ಗಂಡಸ್ರ ಕೈ ಹಿಡಕೊಂಡ ಕುಣಿಯೂದು. ನಮ್ಮತ್ತಿಗೆ ಗೊತ್ತಾದ್ರ ಮುಗೀತು. ನೀವು ನಮ್ಮ ಕಡ್ಯಾವ್ರು ಅಂತ ತಿಳದಾಗಿನಿಂದ ನನಗ ಅಂಜಿಕಿ."

ನಾನು ಅವರನ್ನು ಸಂಶಯದಿಂದ ನೋಡುತ್ತಿದ್ದಷ್ಟು ದಿನವೂ ಅವರು ನನ್ನನ್ನು ಹಾಗೆಯೇ ನೋಡುತ್ತಿದ್ದರು! ನಗು ಬರಬೇಕಿತ್ತು, ಬರಲಿಲ್ಲ.

"ಹೋಳಿಗಿ ಯಾಕ ತಿನ್ನಲಿಲ್ಲ ಹಂಗಾರ?"

ಅವರು ನೆಲ ನೋಡಿದರು. "ಅಡ್ಡಹೆಸರು ಕೇಳಬಾರದಿತ್ರಿ. ಬಾಯಿಗೆ ಬಂದ್ಬಿಡತೈತಿ."

"ಬರೇ ಬಾಯಿಗೆ ಬಂದಿದ್ರ ಹೋಳಿಗಿ ತಿಂತಿದ್ರಿ."

ಒಳಗೆ ವಾದ್ಯ ಮತ್ತೆ ಶುರುವಾಯಿತು. ಅವರು, "ಸುಳ್ಳು ಹೇಳಾಂಗಿಲ್ರಿ. ಅಂಜಿಕೀನೂ ಖರೇ, ಅದೂ ಖರೇ" ಅಂದರು. ಆ ಮಾತಿಗಾಗಿಯೇ ನಾನು ಅವರನ್ನು ದೂರ ಮಾಡಲಿಲ್ಲ.

ಬೇಸಿಗೆಗೆ ಕ್ಲಾಸು ಮುಚ್ಚಿತು. ಸ್ಟ್ರಾತ್‌ಸ್ಪೇ ಹೆಜ್ಜೆ ಕಲಿಸಿ ಎಂದು ವಿದ್ಯಾ ಅವರು ನಮ್ಮ ಮನೆಗೇ ಬಂದರು. ಸೋಫಾ ಗೋಡೆಗೆ ಸರಿಸಿ ಅಭ್ಯಾಸ ಮಾಡಿದೆವು. ನನ್ನ ಕೈಯ ಶೇಂಗಾ ಹೋಳಿಗೆ ತಿಂದರು, ತುಪ್ಪ ಕೇಳಿ ಹಾಕಿಸಿಕೊಂಡರು. ಅಥಣಿಯ ದ್ರಾಕ್ಷಿ ತೋಟ, ಅತ್ತೆಯ ಕಣ್ಗಾವಲು, ಇಲ್ಲಿಯ ಒಂಟಿತನ, ಡಿಸೆಂಬರಿನಲ್ಲಿ ಊರಿಗೆ ಹೋಗುವುದು ಎಲ್ಲವನ್ನೂ ಮಾತಾಡಿದೆವು. ಹೊರಡುವಾಗ ಬಾಗಿಲಲ್ಲಿ ನಾನೇ ಕೇಳಿದೆ:

"ಡಿಸೆಂಬರಿನ್ಯಾಗ ಇಬ್ಬರೂ ಊರಿಗೆ ಹೋಗೂದೈತಲ್ರಿ. ಭೋಜಕ್ಕ ನಮ್ಮ ಮನಿಗೆ ಬರ್ತೀರಿ?"

ಅವರು ಬೂಟಿನ ದಾರ ಕಟ್ಟುತ್ತಿದ್ದರು. ಕೈ ನಿಂತಿತು. "ಅಲ್ಲೀ..." ಅಂದರು. ಕಟ್ಟಿ ಮುಗಿಸಿ ಎದ್ದು, "ನೋಡೋಣ್ರಿ" ಎಂದು ಮೆಟ್ಟಿಲಿಳಿದರು.

ಅನಿಲ ಒಳಗಿನಿಂದ, "ಏನಂದ್ರು?" ಎಂದು ಕೇಳಿದ.

"ನೋಡೋಣ ಅಂದ್ರು."

"ಮುಂದಿನ ವಾರ ಬಂದ್ರ ಮತ್ತ ಕಲಸ್ತೀ ಏನ?"

"ಕಲಸ್ತೀನಿ" ಅಂದೆ. ಈ ಊರಿನಲ್ಲಿ ಮನೆಯಾಚೆ ನನ್ನ ಜೊತೆ ಕನ್ನಡ ಮಾತಾಡುವವರು ಅವರೊಬ್ಬರೇ.