ಒಕ್ಕಣ್ಣಿನ ಆಮೆ ಮತ್ತು ಹಲ್ಲಕ್ಕ

ಹಲ್ಲಿನ ದವಾಖಾನೆಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತು ಊರಿನ ಬೊಚ್ಚುಬಾಯಿಗಳಿಗೆಲ್ಲ ಹಲ್ಲಿನ ಸೆಟ್ ಮಾಡಿಕೊಡುತ್ತಿದ್ದವಳನ್ನು ಎಲ್ಲರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಬೋರ್ಡಿನ ಮೇಲೆ ಡಾಕ್ಟರ ಹೆಸರು, ಬಾಯೊಳಗೆ ಇವಳ ಕೆಲಸ. ಮೇಣ ಕರಗಿಸಿ, ಅಚ್ಚು ತೆಗೆದು, ಒಂದೊಂದೇ ಹಲ್ಲು ಕೂರಿಸಿ ಉಜ್ಜಿ ನುಣುಪು ಮಾಡುವ ತಾಳ್ಮೆ ಅವಳ ಕೈಗಿತ್ತು. ನಾಲಿಗೆಗೆ ಮಾತ್ರ ಇರಲಿಲ್ಲ. ಮದುವೆಯಾಗು ಎಂದು ಗಂಟುಬಿದ್ದ ದೊಡ್ಡಪ್ಪನಿಗೆ, "ನಿಮ್ಮ ಮಾತು ಕೇಳಿ ಮದುವೆಯಾದವರ ಮುಖಗಳನ್ನ ನೋಡಿದ್ದೀನಿ" ಅಂದು ಬಾಯಿ ಮುಚ್ಚಿಸಿದವಳು. ಈಗ ಅವಳಿಗೆ ಐವತ್ತೆರಡು. ಮನೆಯಲ್ಲಿ ಅವಳು ಮತ್ತು ಎಂಬತ್ತು ದಾಟಿದ ಅಮ್ಮ, ಇಬ್ಬರೇ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳಿಗೆ ಕೆರೆಯ ಪಕ್ಕದ ರಸ್ತೆಯಲ್ಲಿ ಆಮೆಯೊಂದು ಸಿಕ್ಕಿತು. ಯಾವುದೋ ಗಾಡಿ ಹತ್ತಿ ಬೆನ್ನಿನ ಚಿಪ್ಪು ಉದ್ದಕ್ಕೆ ಸೀಳಿತ್ತು, ಎಡಗಣ್ಣು ಹೋಗಿತ್ತು. ಸುತ್ತ ನಿಂತವರು ಅಯ್ಯೋ ಪಾಪ ಎನ್ನುತ್ತಿದ್ದರು. ಹಲ್ಲಕ್ಕ ಊಟದ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ, ಖಾಲಿ ಚೀಲದಲ್ಲಿ ಆಮೆಯನ್ನಿಟ್ಟುಕೊಂಡು ಪಶುವೈದ್ಯೆಯ ಬಳಿಗೆ ನಡೆದಳು.

"ಎರಡು ಅಂಚು ಸೇರಿಸಿ ತಂತಿ ಬಿಗೀಬೇಕು. ಅಷ್ಟು ಸಣ್ಣ ತಂತಿ ನನ್ನ ಹತ್ರ ಇಲ್ವಲ್ಲ," ಎಂದಳು ಪಶುವೈದ್ಯೆ.

"ನನ್ನ ಹತ್ರ ಇದೆ. ಹಲ್ಲಿಗೆ ಕಟ್ಟೋದು. ಚಿಪ್ಪೇನು ಬೇಡ ಅನ್ನುತ್ತಾ?"

ನೋವು ತಿಳಿಯದಂತೆ ಮದ್ದು ಕೊಟ್ಟು, ಗಾಯ ತೊಳೆದು, ಇಬ್ಬರೂ ಸೇರಿ ತಂತಿ ಬಿಗಿದರು. ಆಮೇಲೆ ನಾಲ್ಕು ತಿಂಗಳು ಆಮೆ ಹಲ್ಲಕ್ಕನ ಬಚ್ಚಲುಮನೆಯಲ್ಲಿತ್ತು. ಮೊದಲು ಒದ್ದೆ ಬಟ್ಟೆಯ ಮೇಲೆ, ಗಾಯ ಮಾಗಿದಂತೆ ಪ್ಲಾಸ್ಟಿಕ್ ತೊಟ್ಟಿಯ ನೀರಿನಲ್ಲಿ. "ಸ್ನಾನದ ಮನೇಲಿ ಇದೇನೇ ಕರ್ಮ" ಎಂದು ಗೊಣಗಿದ ಅಮ್ಮನೇ ವಾರ ಕಳೆಯುವುದರೊಳಗೆ ಹೂವಿನ ಕುಂಡಗಳನ್ನು ಕೆದಕಿ ಎರೆಹುಳು ತಂದು ಇಕ್ಕಳದಲ್ಲಿ ತಿನ್ನಿಸತೊಡಗಿದಳು. ಅವಳ ಹೆಜ್ಜೆ ಕೇಳಿದರೆ ಸಾಕು, ಆಮೆ ಕತ್ತು ಚಾಚುತ್ತಿತ್ತು.

ತಂತಿ ಬಿಚ್ಚಿದ ದಿನ ಪಶುವೈದ್ಯೆ, "ಚಿಪ್ಪು ಕೂಡಿದೆ. ಒಂದೇ ಕಣ್ಣಲ್ಲಿ ಬೇಟೆಯಾಡೋಕೆ ಬಂದ್ರೆ ಕೆರೆಗೆ ಬಿಡಬಹುದು. ಇಲ್ಲಾಂದ್ರೆ ಬಿಡೋ ಹಾಗಿಲ್ಲ. ನೀವೇ ನೋಡಿ ಹೇಳಿ," ಎಂದಳು.

ಅಮ್ಮ ಕೆರಳಿದಳು. "ಕಣ್ಣಿಲ್ಲದ್ದನ್ನ ನೀರಿಗೆ ನೂಕ್ತೀಯಾ? ನಿನ್ನ ಎದೆ ಏನು ಹಲ್ಲಿನ ಅಚ್ಚಿನ ಪ್ಲಾಸ್ಟರೇನೇ? ನಾನು ತಿನ್ನಿಸ್ತೀನಿ, ನಿಂಗೇನು ಕಷ್ಟ?"

ಕೆಲಸದಿಂದ ಬಂದೊಡನೆ ಹಲ್ಲಕ್ಕನೂ ಮೊದಲು ಇಣುಕುತ್ತಿದ್ದದ್ದು ಬಚ್ಚಲಿಗೇ. ಹಾಗೆಂದು ಸೋಲೊಪ್ಪುವ ಜಾಯಮಾನ ಅವಳದಲ್ಲ. ಕೆರೆಯಿಂದ ಸಣ್ಣ ಮೀನು ತಂದು, ಕುರುಡುಗಣ್ಣಿನ ಕಡೆಗೇ ತೊಟ್ಟಿಯಲ್ಲಿ ಬಿಟ್ಟಳು. ಆಮೆ ತೊಟ್ಟಿಯ ಗೋಡೆಗೆ ಮೂತಿ ಕುಟ್ಟಿಕೊಂಡಿತು. "ನೋಡಿದ್ಯಾ?" ಎಂದಳು ಅಮ್ಮ. ಮಾರನೆಯ ದಿನವೂ ಅಷ್ಟೇ. ಐದನೆಯ ದಿನ ಆಮೆ ಇಡೀ ಕತ್ತನ್ನೇ ಹೊರಳಿಸಿ ಗಬಕ್ಕನೆ ಹಿಡಿಯಿತು. ಅದರ ಬೆನ್ನಿಗೇ ಇನ್ನೊಂದು. ಆಮೇಲೆ ಮತ್ತೊಂದು. ಅಮ್ಮ ಇಕ್ಕಳ ಹಿಡಿದುಕೊಂಡೇ ನಿಂತುಬಿಟ್ಟಳು.

ಅಂದು ಸಂಜೆ ಬಡಾವಣೆಯ ಸಂಘದ ಅಧ್ಯಕ್ಷರು ನಾಲ್ವರನ್ನು ಕಟ್ಟಿಕೊಂಡು ಬಂದರು.

"ಪಾರ್ಕಿನಲ್ಲಿ ತೊಟ್ಟಿ ಕಟ್ಟಿಸಿದ್ದೀವಮ್ಮ. ಆಮೆ ಅಲ್ಲಿರಲಿ, ಮಕ್ಕಳು ನೋಡ್ತಾರೆ. ಸಂಘದಲ್ಲಿ ತೀರ್ಮಾನ ಆಗಿದೆ."

"ಆಮೆ ಸಂಘದ ಮೆಂಬರ್ ಆಗಿದ್ದು ಯಾವಾಗ?"

"ಹಾಗಲ್ಲ, ಉಳಿಸಿದವಳು ನೀನು. ಅಲ್ಲಿ ನಿನ್ನ ಹೆಸರೇ ಬರೆಸ್ತೀವಿ."

"ಉಳಿಸಿದ ಮಾತ್ರಕ್ಕೆ ನಂದಾಗುತ್ತಾ? ನಿಮ್ಮ ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡೂ ಮಾಡಿದ್ದು ನಾನೇ. ಹಾಗಂತ ನಿಮ್ಮ ಬಾಯನ್ನ ನಮ್ಮನೇಲಿ ಇಟ್ಕೊಂಡಿದ್ದೀನಾ?"

ನಾಲ್ವರೂ ಕಿಸಕ್ಕನೆ ನಕ್ಕರು. ಅಧ್ಯಕ್ಷರ ಹಲ್ಲು ಕಟ್ಟಿಸಿದ್ದೆಂದು ಅವರ ಮನೆಯ ಸೊಸೆಗೂ ಗೊತ್ತಿರಲಿಲ್ಲ. ಅವರು ಮುಖ ಕೆಂಪಗೆ ಮಾಡಿಕೊಂಡು, "ನಾಳೆ ಬಂದು ತಗೊಂಡು ಹೋಗ್ತೀವಿ" ಎಂದು ಹೊರಟುಹೋದರು.

ಬೆಳಗಾದೊಡನೆ ಹಲ್ಲಕ್ಕ ಆಮೆಯನ್ನು ಬುಟ್ಟಿಯಲ್ಲಿಟ್ಟಳು. ಬಾಗಿಲಲ್ಲಿ ಅಮ್ಮ ಚಪ್ಪಲಿ ಮೆಟ್ಟಿ, ಕೋಲು ಹಿಡಿದು ನಿಂತಿದ್ದಳು. "ನೀನು ಎಲ್ಲೆಂದರಲ್ಲಿ ಎಸೆದು ಬಂದ್ರೆ? ನಾನೂ ಬರ್ತೀನಿ." ರಸ್ತೆಯಿಲ್ಲದ ಆಚೆ ದಡಕ್ಕೆ ಹೋಗಲು ಕೆರೆ ಏರಿಯ ಮೇಲೆ ನಡೆಯುತ್ತಿರುವಾಗ ವಾಕಿಂಗ್ ಬಂದಿದ್ದ ಅಧ್ಯಕ್ಷರೇ ಎದುರಾದರು. ಬುಟ್ಟಿ ನೋಡಿ ಕೈ ಅಡ್ಡ ಹಿಡಿದರು. "ಸಂಘದ ಮಾತು ಮೀರ್ತಾ ಇದ್ದೀಯ."

ಹಲ್ಲಕ್ಕ ಬಾಯಿ ತೆರೆಯುವ ಮೊದಲೇ ಅಮ್ಮ ಕೋಲೆತ್ತಿದಳು. "ದಾರಿ ಬಿಡಪ್ಪಾ. ಅದು ತನ್ನ ಅನ್ನ ತಾನೇ ದುಡಿಯುತ್ತೆ. ನಾನು ಕಣ್ಣಾರೆ ನೋಡಿದ್ದೀನಿ."

ಅಧ್ಯಕ್ಷರು ಬದಿಗೆ ಸರಿದರು.

ಆಚೆ ದಡದ ಜೊಂಡಿನ ನಡುವೆ ಬಿಟ್ಟಾಗ ಆಮೆ ಕ್ಷಣಕಾಲ ಕದಲಲಿಲ್ಲ. ಆಮೇಲೆ ಕೆಸರು ಕದಡಿ ಒಳಗಿಳಿಯಿತು. ಒಂದು ಗುಳ್ಳೆಯೂ ಏಳಲಿಲ್ಲ.

ಅಧ್ಯಕ್ಷರ ದೂರು ದವಾಖಾನೆಗೆ ಹೋಯಿತು. ಡಾಕ್ಟರು ಕರೆದು ಗದರಿದರು. "ಹಲ್ಲಿನ ಗುಟ್ಟು ಹೇಳಿದ್ದು ನನ್ನ ತಪ್ಪು, ಅದಕ್ಕೆ ಕ್ಷಮೆ ಕೇಳ್ತೀನಿ," ಎಂದಳು ಹಲ್ಲಕ್ಕ. "ಆಮೆ ಬಿಟ್ಟಿದ್ದಕ್ಕೆ ಮಾತ್ರ ಕೇಳಲ್ಲ." ಹೇಳಿದಂತೆ ಅಧ್ಯಕ್ಷರ ಮನೆಗೆ ಹೋಗಿ ಒಂದಕ್ಕೆ ಕ್ಷಮೆ ಕೇಳಿ, ಇನ್ನೊಂದಕ್ಕೆ ಕೇಳದೆ ಬಂದಳು.

ಆ ಸಂಜೆ ಖಾಲಿ ತೊಟ್ಟಿಯಿದ್ದ ಬಚ್ಚಲಿಗೆ ಹೋದವಳು ನಲ್ಲಿ ತಿರುಗಿಸಿಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ಅಮ್ಮ ಎರಡು ತಟ್ಟೆ ಹಾಕಿ ಕಾಯುತ್ತಾ ಕೂತಳು.