ಗುರುಕಾಣಿಕೆಗೆ ಎರಡು ಕಾಯಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗದಲ್ಲಿ ಪಾಠ ಮಾಡುತ್ತಿದ್ದೆ. ವರ್ಷದ ಕೊನೆಗೆ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಸಾಧನೆಗಳನ್ನು ಒಟ್ಟುಮಾಡಿ ವೇದಿಕೆಯಲ್ಲಿ ಓದುವ ಕೆಲಸ ಹೇಗೋ ನನ್ನ ತಲೆಗೇ ಬೀಳುತ್ತಿತ್ತು. ಗೆದ್ದವರಿಗಿಂತ ಗೆಲ್ಲಿಸಿದವರ ಸಂಖ್ಯೆ ಯಾವಾಗಲೂ ಜಾಸ್ತಿ. ಯಾವುದೋ ಹುಡುಗಿ ಮೂರನೇ ಬಹುಮಾನ ತಂದರೂ ಸಾಕು, ನಾಲ್ಕು ಜನ ಗುರುಗಳು ಹುಟ್ಟಿಕೊಳ್ಳುತ್ತಿದ್ದರು. ನಾನು ನಗುತ್ತಲೇ ಬರೆದುಕೊಳ್ಳುತ್ತಿದ್ದೆ. ಒಂದು ವರ್ಷ ಮಾತ್ರ ನಗು ಬರಲಿಲ್ಲ.

ಆ ವರ್ಷ ಅಂತರಕಾಲೇಜು ಕ್ರೀಡಾಕೂಟ ನಡೆದದ್ದು ತಿಪಟೂರಿನಲ್ಲಿ, ನಾನು ಓದಿದ ಕಾಲೇಜಿನ ಮೈದಾನದಲ್ಲೇ. ಅಲ್ಲಿನ ದೈಹಿಕ ಶಿಕ್ಷಣ ನಿರ್ದೇಶಕರು ನಿವೃತ್ತರಾಗುವವರಿದ್ದರು. ಸಮಾರೋಪದ ದಿನ ನಮ್ಮ ವಿಭಾಗದಿಂದ ಅವರಿಗೆ ಸನ್ಮಾನ ಎಂದು ತೀರ್ಮಾನವಾಯಿತು. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು ಬಹಳ ಸಂತೋಷದಿಂದ ಒಂದು ಸಂಗತಿ ಹೇಳಿದರು. ನಿಮ್ಮ ದೊಡ್ಡ ಸಾಧನೆ ಯಾವುದು ಎಂದು ಕೇಳಿದ್ದಕ್ಕೆ ಆ ಹಿರಿಯರು ಮೊದಲು ಹೇಳಿದ್ದು ನನ್ನ ಹೆಸರಂತೆ. ನನ್ನನ್ನು ರೂಪಿಸಿದ್ದೇ ಅವರಂತೆ. ಆದ್ದರಿಂದ ಹಾರ, ಶಾಲು ಮುಖ್ಯಸ್ಥರು ಹಾಕುವುದು, ಫಲತಾಂಬೂಲದ ತಟ್ಟೆ ನಾನು ಕೊಡುವುದು, ಅದು ಗುರುಕಾಣಿಕೆಯೂ ಆಗುತ್ತದೆ. ಆಗಲಿ ಎಂದೆ. ತಟ್ಟೆಗೆ ಕಾಯಿ ನಮ್ಮ ತೋಟದ್ದೇ ತರುತ್ತೇನೆ ಎಂದೂ ಹೇಳಿದೆ.

ಆ ಮಹಾನುಭಾವರು ನನ್ನನ್ನು ಹೇಗೆ ರೂಪಿಸಿದರು ಎನ್ನುವುದನ್ನು ಈಗ ಹೇಳಬೇಕು.

ನಮ್ಮದು ತಿಪಟೂರಿನ ಹತ್ತಿರದ ಅರಳಗುಪ್ಪೆ. ಮನೆಯ ಹಿಂದೆ ತೆಂಗಿನ ತೋಟ, ಆಚೆ ರಾಗಿ ಹೊಲ, ಮನೆಯ ಮೇಲೆ ಕಾಯಿ ಅಟ್ಟ. ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಹಿಡಿಯುತ್ತದೆ. ಅವ್ವ ಅಟ್ಟದ ಬಾಯಲ್ಲಿ ಕೂತು ಹಿಡಿಯುತ್ತಿದ್ದಳು, ನಾನು ಅಂಗಳದಿಂದ ಒಂದೊಂದೇ ಎಸೆಯುತ್ತಿದ್ದೆ. ಹಿಡಿದದ್ದನ್ನು ಅವ್ವ ಒಮ್ಮೆ ಕಿವಿಯ ಹತ್ತಿರ ಕುಲುಕಿಯೇ ಒಳಗೆ ಜರುಗಿಸುತ್ತಿದ್ದಳು. ನಮ್ಮ ಸೀಮೆಯವರೆಲ್ಲ ಹಾಗೆಯೇ. ಕೈಗೆ ಕಾಯಿ ಬಂತೆಂದರೆ ಮೊದಲು ಕುಲುಕುತ್ತಾರೆ, ಮಾತು ಆಮೇಲೆ. ನೀರು ಅಲುಗಿದರೆ ಒಳ್ಳೆಯ ಕಾಯಿ, ಗುಡುಗುಡು ಎಂದರೆ ಕೊಬ್ಬರಿ, ಏನೂ ಅನ್ನದಿದ್ದರೆ ಕೆಟ್ಟದ್ದು, ತಿಪ್ಪೆಗೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಕಾಲೇಜು ಸೇರಿದಾಗ ಗುಂಡು ಎಸೆತಕ್ಕೆ ಹುಡುಗಿಯರ ಆಯ್ಕೆ ನಡೆಯುತ್ತಿತ್ತು. ನಾನು ಕಬ್ಬಿಣದ ಗುಂಡು ಎತ್ತಿಕೊಂಡೆ, ನನಗೆ ಗೊತ್ತಿದ್ದ ಹಾಗೆ ಕೈಯನ್ನು ಕೆಳಗಿನಿಂದ ಬೀಸಿ ಎಸೆದೆ. ಎಲ್ಲರಿಗಿಂತ ಮುಂದೆ ಹೋಗಿ ಬಿತ್ತು. ಸೀಟಿ ಊದಿ ಅದನ್ನು ಫೌಲ್ ಎಂದರು. ಗುಂಡನ್ನು ಕತ್ತಿನ ಹತ್ತಿರ ಇಟ್ಟುಕೊಂಡು ತಳ್ಳಬೇಕು, ಬೀಸಬಾರದು ಎಂಬ ನಿಯಮ ನನಗೆ ಗೊತ್ತಿರಲಿಲ್ಲ. ಹೇಳಿಕೊಟ್ಟಿದ್ದರೆ ಮುಗಿಯುತ್ತಿತ್ತು. ನಿರ್ದೇಶಕರು ಸೊಂಟದ ಮೇಲೆ ಕೈಯಿಟ್ಟುಕೊಂಡು ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದರು:

"ಇದು ನಿಮ್ಮಪ್ಪನ ಅಟ್ಟ ಅಲ್ಲ ಕಣಮ್ಮ, ಕಾಯಿ ಎಸೆಯೋಕೆ."

ಅವತ್ತಿನಿಂದ ನನ್ನ ಹೆಸರು ಅಟ್ಟದ ಕಾಯಿ ಎಂದಾಯಿತು. ಇರಲಿ ಎಂದುಕೊಂಡೆ. ಸೀನಿಯರ್ ಹುಡುಗರು ಎಸೆಯುವುದನ್ನು ದೂರದಿಂದ ನೋಡಿಕೊಂಡು ಬಂದು ತೋಟದಲ್ಲಿ ಒರಳುಗುಂಡು ಹಿಡಿದು ಅಭ್ಯಾಸ ಮಾಡಿದೆ. ಅದು ಒಡೆದರೆ ದೋಸೆ ಹಿಟ್ಟನ್ನು ನನ್ನ ತಲೆಯಲ್ಲೇ ರುಬ್ಬುವುದಾಗಿ ಅವ್ವ ಎಚ್ಚರಿಸಿದಳು. ನಿರ್ದೇಶಕರು ನನಗೆ ಒಂದು ದಿನವೂ ಒಂದು ಮಾತನ್ನೂ ಹೇಳಿಕೊಟ್ಟವರಲ್ಲ. ಕೊನೆಯ ವರ್ಷ ಅಂತರಕಾಲೇಜು ಕೂಟದಲ್ಲಿ ನಾನು ಮೊದಲು ಬಂದೆ. ನಮ್ಮ ಕಾಲೇಜಿನವಳೇ ಇನ್ನೊಬ್ಬ ಹುಡುಗಿ, ಆಡಳಿತ ಮಂಡಳಿಯ ಸದಸ್ಯರೊಬ್ಬರ ಮಗಳು, ಎರಡನೆಯವಳಾದಳು.

ಮೊದಲು ಬಂದವರು ವಿಶ್ವವಿದ್ಯಾಲಯದ ತಂಡಕ್ಕೆ. ತಂಡದಲ್ಲಿ ಆಡಿದವರಿಗೆ ಲಾಂಛನ ಹೊಲಿದ ಬ್ಲೇಜರ್ ಕೋಟು. ಆ ಕೋಟು ಇದ್ದವರಿಗೆ ದೈಹಿಕ ಶಿಕ್ಷಣದ ಕೋರ್ಸಿನಲ್ಲಿ ಸೀಟು ಸಿಗುವುದು ಬಹಳ ಸುಲಭ. ನಮ್ಮಪ್ಪ ಸ್ಪಷ್ಟವಾಗಿ ಹೇಳಿದ್ದರು: ಈ ಎಸೆಯುವ ವಿದ್ಯೆಯಿಂದ ಮುಂದೆ ಓದಲು ದಾರಿಯಾದರೆ ಸರಿ, ಇಲ್ಲದಿದ್ದರೆ ರಾಗಿ ಕಣ ಮುಗಿದ ಮೇಲೆ ಗಂಡು ನೋಡುವುದು. ನನ್ನ ಬದುಕೆಲ್ಲ ಆ ಕೋಟಿಗೆ ಜೋತುಬಿದ್ದಿತ್ತು.

ತಂಡದ ಕರೆ ಬಂತೇ ಎಂದು ಕೇಳಿದಾಗಲೆಲ್ಲ ನಿರ್ದೇಶಕರು ಈ ವರ್ಷ ಹುಡುಗಿಯರನ್ನು ಕಳಿಸುವುದೇ ಅನುಮಾನ ಎಂದರು. ನಂಬಿದೆ. ಒಂದು ಬೆಳಿಗ್ಗೆ ಆ ಎರಡನೆಯ ಹುಡುಗಿ ಬ್ಲೇಜರ್ ಹಾಕಿಕೊಂಡು ಕಾಲೇಜಿಗೆ ಬಂದಳು. ಪಾಪ, ಅವಳಿಗೆ ಕಪಟ ಗೊತ್ತಿಲ್ಲ. ನೇರ ನನ್ನ ಹತ್ತಿರ ಬಂದು ನನ್ನ ಕೈ ಮುಟ್ಟಿ ನೋಡಿದಳು.

"ಜ್ವರ ಬಿಡ್ತೇನೇ? ನಿನಗೆ ಏಳೋಕೂ ಆಗ್ತಿಲ್ಲ ಅಂತ ಸರ್ ಯೂನಿವರ್ಸಿಟಿಗೆ ಹೇಳಿ ಕಳಿಸಿದ್ರು. ಅದಕ್ಕೇ ನಾನು ಹೋದೆ ಕಣೇ."

ನನಗೆ ಜ್ವರ ಬಂದದ್ದು ಆಗಲೇ. ಮೈಯೆಲ್ಲ ಬೆಂಕಿ. ನಿರ್ದೇಶಕರ ಕೋಣೆಗೆ ಹೋಗಿ ಕೇಳಿದೆ. ಅವರು ತಲೆ ಎತ್ತದೆ, ಮನೆಗೆ ಹೋಗಿ ರೆಸ್ಟ್ ತೆಗೆದುಕೋ ಎಂದರು.

ಸೀಟು ಸಿಗಲಿಲ್ಲ. ಎರಡು ವರ್ಷ ಮನೆಯಲ್ಲಿ ಕೂತೆ. ಬಂದ ಗಂಡುಗಳನ್ನೆಲ್ಲ ಏನಾದರೊಂದು ನೆಪ ತೆಗೆದು ವಾಪಸ್ಸು ಕಳಿಸಿದೆ, ಅಟ್ಟಕ್ಕೆ ಕಾಯಿ ಎಸೆದೆ, ಎಸೆದ ಪ್ರತಿ ಕಾಯಿಯ ಮೇಲೂ ಆ ಮನುಷ್ಯನ ಮುಖ ಕಂಡೆ. ಕೊನೆಗೆ ಅಪ್ಪನೇ ಸೋತು, ಹೋಗಿ ಪರೀಕ್ಷೆ ಕೊಟ್ಟು ಬಾ ಎಂದರು. ಮೈದಾನದ ಪರೀಕ್ಷೆಯಲ್ಲಿ ಗೆದ್ದು ಸೀಟು ಪಡೆದೆ, ಓದಿದೆ, ಅದೇ ವಿಭಾಗದಲ್ಲಿ ಕೆಲಸಕ್ಕೂ ಸೇರಿದೆ. ದೇಹ ಹೇಗೆ ಚಲಿಸುತ್ತದೆ ಎಂಬ ಕಿನಿಸಿಯಾಲಜಿ ಪಾಠ ನನ್ನದೇ. ಕೈ ಬೀಸಿ ಎಸೆಯುವಾಗ ಯಾವ ಸ್ನಾಯು ಏನು ಮಾಡುತ್ತದೆ ಎಂದು ಹೇಳುವಾಗಲೆಲ್ಲ ನಾನು ಅಟ್ಟಕ್ಕೆ ಕಾಯಿ ಎಸೆಯುವ ಉದಾಹರಣೆಯನ್ನೇ ಕೊಡುತ್ತಿದ್ದೆ. ಒಬ್ಬರೂ ನಗುತ್ತಿರಲಿಲ್ಲ.

ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುತ್ತಾರೆ. ಹಾಗೆ ಹೇಳುವವರು ಅಟ್ಟ ಇಲ್ಲದ ಮನೆಯವರು. ಒಳಗಿಟ್ಟದ್ದು ಅಲ್ಲೇ ಇರುತ್ತದೆ, ಗಟ್ಟಿಯಾಗುತ್ತದೆ, ಕುಲುಕಿದರೆ ಸದ್ದು ಮಾಡುತ್ತದೆ.

ಸನ್ಮಾನದ ಹಿಂದಿನ ದಿನ ಅರಳಗುಪ್ಪೆಗೆ ಹೋಗಿ, ಸುಲಿದು ಜುಟ್ಟು ಬಿಟ್ಟಿದ್ದ ಕಾಯಿಗಳ ರಾಶಿಯ ಮುಂದೆ ಕೂತೆ. ಒಂದೊಂದನ್ನೇ ಕುಲುಕಿ ನೋಡಿ, ನೋಡಲು ಚಂದವಿದ್ದು ಒಳಗೆ ಸದ್ದೇ ಇಲ್ಲದ ಒಂದನ್ನು ಆರಿಸಿ ಬ್ಯಾಗಿಗೆ ಹಾಕಿಕೊಂಡೆ. ರಾಗಿ ಕೇರುತ್ತಿದ್ದ ಅವ್ವ ಮೊರ ಕೆಳಗಿಟ್ಟಳು.

"ಅದು ಕೆಟ್ಟೋಗದೆ ಕಣೇ, ತಿಪ್ಪೆಗಾಕು."

"ಅಲ್ಲಿಗೇ ತಗೊಂಡೋಯ್ತಿದ್ದೀನಿ ಬುಡವ್ವ," ಎಂದೆ.

ಯಾರಿಗೆ ಸನ್ಮಾನ ಎಂದು ಅವ್ವನಿಗೆ ಹೇಳಿದ್ದೆ. ಶುಭಕಾರ್ಯದಲ್ಲಿ ಕೊಟ್ಟ ಕಾಯಿ ಕೆಟ್ಟದಾದರೆ ನಮ್ಮ ಕಡೆ ಅಪಶಕುನ. ಎದುರಿಗೆ ನಿಂತು ಶಾಪ ಹಾಕಿದಷ್ಟೇ ತೂಕ ಅದಕ್ಕೆ. ಅವ್ವ ಬಯ್ಯುತ್ತಾಳೆ ಎಂದುಕೊಂಡೆ. ಅವಳು ಎದ್ದು ಬಂದು ರಾಶಿಯಿಂದ ಇನ್ನೊಂದು ಕಾಯಿ ತೆಗೆದು ಕುಲುಕಿ, ಅದನ್ನೂ ಬ್ಯಾಗಿಗೆ ಹಾಕಿದಳು.

"ಒಳ್ಳೇದೂ ಒಂದಿರ್ಲಿ. ಮೊದ್ಲು ಅವನ ಬಾಯಲ್ಲಿ ಏನು ಬತ್ತದೋ ನೋಡು. ಒಂದು ನಿಜ ಬಂದ್ರೆ ಇದ ಕೊಡು."

ನ್ಯಾಯದ ಮಾತು. ಒಪ್ಪಿಕೊಂಡೆ.

ಸಮಾರಂಭಕ್ಕೆ ಮೊದಲು ಸ್ಟಾಫ್ ರೂಮಿನಲ್ಲಿ ಕಾಫಿ ಕೊಟ್ಟರು. ನಿರ್ದೇಶಕರು ಬಿಳಿ ಪಂಚೆ, ಜರಿ ಶಲ್ಯದಲ್ಲಿ ಮದುಮಗನ ಹಾಗೆ ಕೂತಿದ್ದರು. ನನ್ನನ್ನು ಬಾಯಿ ತುಂಬ ಹೊಗಳಿದರು. ಗುಂಡು ಹಿಡಿಯುವುದನ್ನು ಬೆರಳು ಹಿಡಿದು ಕಲಿಸಿದ್ದೇ ತಾವು ಎಂದರು. ಬ್ಯಾಗು ನನ್ನ ಕಾಲ ಹತ್ತಿರವೇ ಇತ್ತು. ನಾನು ಮೆಲ್ಲಗೆ, ಹಾಗಾದರೆ ಆ ವರ್ಷ ನಾನು ವಿಶ್ವವಿದ್ಯಾಲಯದ ತಂಡದಲ್ಲಿ ಯಾಕೆ ಇರಲಿಲ್ಲ ಸರ್ ಎಂದು ಕೇಳಿದೆ. ಮುಖ್ಯಸ್ಥರೂ ಕುತೂಹಲದಿಂದ ಅವರತ್ತ ತಿರುಗಿದರು. ನಿರ್ದೇಶಕರು ಕಾಫಿ ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಹೇಳುತ್ತಾರೆ, ಈಗ ಹೇಳುತ್ತಾರೆ ಎಂದುಕೊಂಡೆ. ದೇವರಾಣೆ, ಹೇಳಲಿ ಎಂದು ಬಯಸಿದೆ ಕೂಡ.

"ಅದೇ ಹೊಟ್ಟೆ ಉರಿಯೋದು ನೋಡಿ," ಎಂದು ಮುಖ್ಯಸ್ಥರ ಕಡೆ ತಿರುಗಿದರು. "ಸರಿಯಾದ ಟೈಮಿಗೆ ಪಾಪ ಈ ಮಗೂಗೆ ಜ್ವರ ಬಂದ್ಬಿಡ್ತು."

ನಾನು ಹೊರಗೆ ಹೋಗಿ ತಟ್ಟೆ ಜೋಡಿಸಿದೆ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಮಧ್ಯೆ ಜುಟ್ಟು ಮೇಲೆ ಮಾಡಿ ಆ ಸದ್ದಿಲ್ಲದ ಕಾಯಿ.

ವೇದಿಕೆಯ ಮೇಲೆ ಮುಖ್ಯಸ್ಥರು ನಿರ್ದೇಶಕರ ಸಾಧನೆಗಳನ್ನು ಓದಿದರು, ನನ್ನ ಹೆಸರಿಗೆ ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಹಾರ ಹಾಕಿದರು. ನಾನು ತಟ್ಟೆ ಕೊಟ್ಟು ಕೈ ಮುಗಿದೆ. ಫೋಟೋದವನು ಕಾಯನ್ನು ಕೈಯಲ್ಲಿ ಹಿಡಿದುಕೊಳ್ಳಿ ಸರ್ ಎಂದ. ಅವರೂ ನಮ್ಮ ಸೀಮೆಯವರೇ ಅಲ್ಲವೇ, ಕೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು. ಕುಲುಕಿದರು. ಇನ್ನೊಮ್ಮೆ ಕುಲುಕಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ತೋಟದವರು, ಕೊಬ್ಬರಿ ಮಂಡಿಯವರು ಅವರ ಕೈಯನ್ನೇ ನೋಡುತ್ತಿದ್ದರು. ಮೂರನೆಯ ಸಲ ಕುಲುಕಿದಾಗ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು.

ನಿರ್ದೇಶಕರು ನನ್ನ ಕಡೆ ನೋಡಿದರು. ಮುಖದಲ್ಲಿ ರಕ್ತ ಇರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ, ನಾನು ಕೊಟ್ಟ ಕಾಯಲ್ಲಿ ಅದೂ ಇರಲಿಲ್ಲ. ನಾನು ಹತ್ತಿರ ಬಾಗಿ, ಅವರಿಗೆ ಮಾತ್ರ ಕೇಳುವಂತೆ ಕೇಳಿದೆ:

"ಯಾಕೆ ಸರ್, ಮುಖ ಸಪ್ಪಗಾಯ್ತು? ಜ್ವರ ಗಿರ ಏನಾದ್ರೂ ಬಂತಾ?"

ಅಷ್ಟರಲ್ಲಿ ಫೋಟೋ ತೆಗೆದುಬಿಟ್ಟರು. ಅದರ ಒಂದು ಪ್ರತಿ ನನ್ನ ಹತ್ತಿರ ಇದೆ. ಬ್ಲೇಜರ್ ಹಾಕಿಕೊಂಡ ಫೋಟೋ ನನ್ನದೊಂದೂ ಇಲ್ಲ, ಇದು ಸಾಕು.

ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಇದ್ದಳು. ಉಳಿದು ಬಂದ ಒಳ್ಳೆಯ ಕಾಯನ್ನು ಅವಳ ಕೈಗೆ ಕೊಟ್ಟೆ. ಅದನ್ನು ನೋಡಿಯೇ ಅವಳಿಗೆ ಎಲ್ಲ ತಿಳಿಯಿತು.

"ಕುಲುಕಿದ್ನಾ?" ಎಂದಳು.

"ಮೂರು ಸಲ."

ಅವ್ವ ಕಾಯನ್ನು ಕಲ್ಲಿಗೆ ಕುಕ್ಕಿ ಒಡೆದು, ನೀರನ್ನು ಲೋಟಕ್ಕೆ ಬಸಿದು ನನಗೆ ಕೊಟ್ಟಳು. ಸಿಹಿಯಾಗಿತ್ತು. ಒಂದು ಹನಿ ಬಿಡದೆ ಕುಡಿದೆ.