ಪಲ್ಪರ್ ಚಿಕ್ಕಪ್ಪ ಮತ್ತು ಜಪಾನಿನ ರೆಕಾರ್ಡು

ಕಾಫಿ ಹಣ್ಣಿನ ಸಿಪ್ಪೆಯ ಹುಳಿ ವಾಸನೆ ಬಂದರೆ ನನಗೆ ಜಪಾನಿನ ಹಾಡೊಂದು ನೆನಪಾಗುತ್ತದೆ.

ಬಾಳೂರಿನ ಎಸ್ಟೇಟಿಗೆ ಕಾಫಿ ನೋಡಲು ಬಂದಿದ್ದ ಜಪಾನಿನವರೊಬ್ಬರು ಸಾಹುಕಾರರಿಗೆ ಆ ಹಾಡಿನ ರೆಕಾರ್ಡು ಕೊಟ್ಟುಹೋಗಿದ್ದರು. ತಬಲವಿಲ್ಲ, ಪಿಟೀಲಿಲ್ಲ, ಎಲ್ಲ ಯಂತ್ರದ್ದೇ ನಾದ.

"ಇದೆಂಥ ಹಾಡು ಮಾರಾಯ, ನಿದ್ದೆ ಬರ್ತದೆ," ಎಂದು ಅದನ್ನು ರೆಕಾರ್ಡ್ ಪ್ಲೇಯರಿಗೆ ಹಾಕಿದ ಸಾಹುಕಾರರು ನಕ್ಕರು.

ಹಣ್ಣು ಸುಲಿಯುವ ಪಲ್ಪರ್ ಯಂತ್ರ ನೋಡಿಕೊಳ್ಳುತ್ತಿದ್ದ ನನ್ನ ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳಿದರು.

"ಹಾಡು ಸರಿ ಇದೆ ಸಾವ್ಕಾರ್ರೇ. ಪ್ಲೇಯರಿನ ಬೆಲ್ಟ್ ಜಾರಿ ನಿಧಾನ ತಿರುಗ್ತಾ ಇದೆ."

ಸೈಕಲ್ ಟ್ಯೂಬಿನಿಂದ ಬಳೆಯಂಥದ್ದೊಂದನ್ನು ಕತ್ತರಿಸಿ ಬೆಲ್ಟಿನ ಬದಲು ಹಾಕಿದರು. ಹಾಡು ಕುಣಿಯತೊಡಗಿತು, ಮಕ್ಕಳಾದ ನಾವೂ.

ನಿನ್ನೆ ಅದೇ ಹಾಡು ಫೋನಿನಲ್ಲಿ ಸಿಕ್ಕಿತು. ಚಿಕ್ಕಪ್ಪ ಕೂರಿಸಿದ್ದ ಅದೇ ವೇಗ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಓಡಿಹೋಗಿ ಅವರಿಗೆ ತೋರಿಸಿದೆ. ಈಗ ಕಿವಿ ಕೇಳದ ಅವರು ಫೋನಿನ ಬೆನ್ನಿಗೆ ಬೆರಳಿಟ್ಟು, ಹಾಡಿನ ಕಂಪನವನ್ನು ಮುಟ್ಟಿ ನೋಡಿ ಹೇಳಿದರು:

"ಇದರ ಬೆಲ್ಟ್ ಸರಿ ಇದೆ."